ಕುರಿಹಟ್ಟಿಯ ಅಜ್ಜನನ್ನು ಆಂಬುಲೆನ್ಸ್ ಹತ್ತಿಸಿದ ದಿನ

ಕೊರೊನಾದ ಎರಡನೇ ಅಲೆ ಬಂದಾಗ ನಾನು ಚಿತ್ರದುರ್ಗದಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೆ. ಆ ಕಾಯಿಲೆಯ ಪಾಠವೆಲ್ಲ ಹೊಳಲ್ಕೆರೆಯ ನಮ್ಮ ಮನೆಯ ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ, ಫೋನಿನಲ್ಲೇ ಆಗಿತ್ತು. ಪರೀಕ್ಷೆಯೂ ಫೋನಿನಲ್ಲೇ. ಒಳ್ಳೆಯ ಅಂಕ ಬಂದಿತ್ತು. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ಜನ ಸಾಲದೆ ನಮ್ಮನ್ನು ಹಳ್ಳಿಗಳಿಗೆ ತಪಾಸಣೆಗೆ ಕಳಿಸಿದರು. ತುರುವನೂರು ಕಡೆಯ ಕುರಿಹಟ್ಟಿಯೊಂದರಲ್ಲಿ ಅಜ್ಜನೊಬ್ಬ ಕಟ್ಟೆ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಜ್ವರ ಬಂದು ವಾಸಿಯಾಗಿದೆ ಎಂದ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ, ತೊಂಬತ್ತೈದರ ಮೇಲಿರಬೇಕಾದ ಆಮ್ಲಜನಕ ಎಪ್ಪತ್ತರ ಆಸುಪಾಸು! ಬೆರಳು ಒರೆಸಿ, ಬೆರಳು ಬದಲಿಸಿ ನೋಡಿದೆ. ಅಷ್ಟೇ ಇತ್ತು. ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಕೆಲವರು ನಗುನಗುತ್ತ ಮಾತಾಡುತ್ತಿರುತ್ತಾರೆ, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ ಎಂದು ಮೇಡಂ ಪಾಠದಲ್ಲಿ ಹೇಳಿದ್ದರು.

"ಅಜ್ಜ, ಆಸ್ಪತ್ರೆಗೆ ಹೋಗಾಣ."

"ನಂಗೇನಾಗೈತವ್ವ? ಗುಂಡುಕಲ್ಲಿದ್ದಂಗೆ ಇದೀನಿ. ನಿನ್ ಮಿಶನ್ನಿಗೇ ಜ್ವರ ಬಂದೈತೆ ನೋಡು!"

ಸುತ್ತ ನಿಂತವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ನಗಬ್ಯಾಡ್ರಿ! ಇಲ್ಲೇ ಕುಂತ್ರೆ ಅಜ್ಜ ಉಳಿಯಲ್ಲ."

ಅವನ ಹೆಂಡತಿ ಒಳಗಿನಿಂದ ಓಡಿ ಬಂದಳು. "ಅಲ್ಲಿಗೋದ್ರೆ ಉಳೀತಾರೇನವ್ವ?"

"ಉಳೀತಾರೆ ಅಜ್ಜಿ, ನಾನು ಹೇಳ್ತಿದೀನಲ್ಲ."

ಆ ಮಾತು ನಂಬಿ ಅವಳೇ ಗಂಡನನ್ನು ಎಬ್ಬಿಸಿದಳು. ಅವನು ಯಾರ ಕೈಯೂ ಹಿಡಿಯದೆ ಆಂಬುಲೆನ್ಸ್ ಹತ್ತಿದ. "ಕುಂಟ್ ಮರೀನ ಬಿಸ್ಲಿಗೆ ಬಿಡಬ್ಯಾಡ ಕಣೇ, ಸಂಜೆಗೆ ಬರ್ತೀನಿ" ಎಂದ. ಅವಳೂ ಸೆರಗು ಸಿಕ್ಕಿಸಿ ಹತ್ತಲು ಹೋದಳು. "ಜೊತೆಗೆ ಯಾರೂ ಬರಂಗಿಲ್ಲ ಅಜ್ಜಿ" ಎಂದು ತಡೆದವಳು ನಾನು. ನಿಯಮ ಹಾಗೇ ಇತ್ತು.

ಅದೇ ವಾರ ಅಜ್ಜ ವಾರ್ಡಿನಲ್ಲೇ ತೀರಿಕೊಂಡ. ಹೆಣವೂ ಹಟ್ಟಿಗೆ ಹೋಗಲಿಲ್ಲ. ನಾನು ಮಾಡಿದ್ದು ಸರಿಯೇ. ಇವತ್ತು ಅಂಥವರು ಸಿಕ್ಕರೂ ಆಸ್ಪತ್ರೆಗೇ ಕಳಿಸುತ್ತೇನೆ. ಆದರೂ ಆಂಬುಲೆನ್ಸಿನ ಬಾಗಿಲು ಮುಚ್ಚಿದ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಯಾವ ವಾಹನದ ಬಾಗಿಲು ಧಡ್ ಎಂದರೂ ಇಂದಿಗೂ ಬೆಚ್ಚುತ್ತೇನೆ.

ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆ, ಒಂದು ಬೆಳಿಗ್ಗೆ ಆ ಅಜ್ಜಿ ಮಂಡಿನೋವೆಂದು ನಮ್ಮ ಆಸ್ಪತ್ರೆಗೇ ಬಂದಳು. ನನ್ನ ದನಿ ಕೇಳಿಯೇ ಗುರುತು ಹಿಡಿದಳು. ಬೈದರೆ ಬೈಯಲಿ, ಬೈಸಿಕೊಂಡರೆ ಹಗುರಾದೀತು ಎಂದು ಎದುರಿಗೆ ಕೂತೆ. ಅವಳು ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಒಂದ್ ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಜೀವ ಹೋಗೋವಾಗ ನಮ್ ಯಜಮಾನ್ರ ಬಾಯಿಗೆ ಯಾರಾನ ನೀರು ಬಿಟ್ರೇನವ್ವ?"

ಆ ವಾರ್ಡಿನೊಳಗೆ ನಮ್ಮಂಥ ವಿದ್ಯಾರ್ಥಿಗಳನ್ನು ಬಿಡುತ್ತಲೇ ಇರಲಿಲ್ಲ. ನೀರು ಬಿಟ್ಟರು ಎನ್ನಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಅಜ್ಜಿ."

ಅವಳು ತಲೆಯಾಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆವತ್ತು ನನ್ನೂ ಹತ್ತಿಸ್ಕಂಡಿದ್ರೆ, ನಾನು ನೀರು ಬಿಡ್ತಿದ್ದೆ."