ಹುಳಿ ಬಂಗಾರ

“ಬಂಗಾರ ತಗೊಂಡು ಬಂಗಾರದಂಗ ಇರೋಣು” ಎನ್ನುತ್ತ ದಸರೆಯ ಸಂಜೆ ಪಕ್ಕದ ಮನೆಯ ನೀಲವ್ವಜ್ಜಿ ನನ್ನ ಕೈಗೆ ಬನ್ನಿ ಇಟ್ಟಳು. ನೋಡಿದರೆ ಅದು ಹುಣಸೆ ಎಲೆ! ಗೋವಾದ ಸಡಾ ಗುಡ್ಡದ ನಮ್ಮ ಓಣಿಯ ಸುತ್ತ ಬನ್ನಿ ಗಿಡವೇ ಇಲ್ಲ. ಪಾಪ, ಅಜ್ಜಿಗೆ ಕಣ್ಣು ಮಂಜು, ಗೊತ್ತಾಗಿಲ್ಲ ಎಂದುಕೊಂಡೆ. ಎಲೆಯನ್ನು ಕಣ್ಣಿಗೊತ್ತಿಕೊಂಡು ಕಾಲಿಗೆ ನಮಸ್ಕರಿಸಿದೆ.

ಅಜ್ಜಿ ನಕ್ಕಳು. “ಹುಣಸಿ ಅಂತ ನನಗೂ ಗೊತ್ತೈತಿ, ತಂಗಿ. ಬನ್ನಿ ಸಿಗಲಿಲ್ಲಂತ ಎಲ್ಲಾರೂ ಮನ್ಯಾಗ ಕುಂತ್ರ, ಒಬ್ಬರ ಮಾರಿ ಒಬ್ಬರು ನೋಡೋದು ಯಾವಾಗ?”

ಅಷ್ಟಂದು ಮುಂದಿನ ಮನೆಯ ಬಾಗಿಲು ಬಡಿದಳು.

ಒಂದು ಎಸಳು ಬಾಯಿಗೆ ಹಾಕಿಕೊಂಡೆ. ಹುಳಿಯೋ ಹುಳಿ. ಆದರೂ ಊರು ಬಿಟ್ಟು ಬಂದ ಮೇಲೆ ನನಗೆ ದಸರೆ ಅನ್ನಿಸಿದ್ದು ಅವತ್ತೇ.