ಕಡತದಲ್ಲಿಲ್ಲದ ಸಾಲು

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ, ‘ಸಾಕ್ಷಿ ಎಲ್ಲಿ?’ ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದವನು ನಾನು. ಅಪರಾಧಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ, ಆ ಜಂಬವೂ ಇತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೆಂಗಸರ ಅಸಹಜ ಸಾವುಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಮಧುಗಿರಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಸುತ್ತಲಿನ ಠಾಣೆಗಳಿಗೆ ಬಸ್ಸಿನಲ್ಲಿ ಓಡಾಡಿ, ಮುಗಿದ ಪ್ರಕರಣಗಳ ಕಡತಗಳನ್ನು ನಕಲು ಮಾಡಿಕೊಳ್ಳುತ್ತಿದ್ದೆ. ಸಿರಾ ಕಡೆಯದಾಗಲಿ, ಕೊರಟಗೆರೆ ಕಡೆಯದಾಗಲಿ, ಬಾವಿಗೆ ಬಿದ್ದವಳಿಗೂ ನೇಣು ಹಾಕಿಕೊಂಡವಳಿಗೂ ಸೀಮೆಎಣ್ಣೆ ಸುರಿದುಕೊಂಡವಳಿಗೂ ಬರೆದಿದ್ದ ಕಾರಣ ಒಂದೇ: ‘ಹೊಟ್ಟೆನೋವಿನ ಬಾಧೆ ತಾಳಲಾರದೆ.’ ಓದಿ ಓದಿ ನನಗೆ ಮೈಯೆಲ್ಲ ಉರಿಯತೊಡಗಿತು. ಗಂಡಸರಿಗೆ ಹೊಟ್ಟೆಯೇ ಇರಲಿಲ್ಲವೇ? ಒಂದು ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುತ್ತಿದ್ದ ಪೇದೆಯನ್ನು ಕೇಳಿಯೂ ಬಿಟ್ಟೆ. ಆತ ನಕ್ಕ.

“ಈ ಕಡೆ ನೀರು ಗಡಸು ಸಾರ್. ಹೆಂಗಸ್ರಿಗೆ ಒಗ್ಗಲ್ಲ.”

ಪಾವಗಡದ ಕಡೆಯ ಆ ಠಾಣೆಯಲ್ಲೇ ಈರಮ್ಮನ ಕಡತ ಸಿಕ್ಕಿದ್ದು. ಹೆಸರು ಬದಲಿಸಿದ್ದೇನೆ. ಇಪ್ಪತ್ತೆರಡರ ಹೆಣ್ಣು, ಮೂರು ವರ್ಷದ ಹಿಂದೆ ಗಂಡನ ಹೊಲದ ಬಾವಿಯಲ್ಲಿ ಹೆಣವಾಗಿ ತೇಲಿದ್ದಳು. ಗಂಡನ ಹೇಳಿಕೆ ಅರ್ಧ ಪುಟ. ನಡುಹಗಲಿನಲ್ಲಿ ಠಾಣೆಯ ಜಗಲಿಯ ಬೆಂಚಿನ ಮೇಲೆ ಕೂತು ಅದನ್ನು ನಕಲು ಮಾಡಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾವ ದನಿಯೂ ಕೇಳಲಿಲ್ಲ, ಮೈ ಜುಮ್ಮೆನ್ನಲೂ ಇಲ್ಲ. ಕಡತ ಒಪ್ಪಿಸಿ ಬಸ್ಸು ಹತ್ತಿದೆ.

ಸಂಜೆ ಕೋಣೆಯಲ್ಲಿ ಬರೆದದ್ದನ್ನು ಓದಿದಾಗ ಹೀಗಿತ್ತು: ‘ಹೊಟ್ಟೆನೋವಿನ ಬಾಧೆ ತಾಳಲಾರದೆ ಬಾವಿಗೆ ಹಾರಿರುತ್ತಾಳೆ. ನಂಗೆ ಈಜು ಬತ್ತಿತ್ತು. ನಮಗೆ ಯಾರ ಮೇಲೂ ಅನುಮಾನವಿರುವುದಿಲ್ಲ.’

ನನ್ನದೇ ಅಕ್ಷರ, ನನ್ನದೇ ಶಾಯಿ. ಆಮೇಲೆ ಯಾರೋ ತುರುಕಿದ್ದೂ ಅಲ್ಲ, ಸಾಲುಗಳ ನಡುವೆ ಸರಾಗವಾಗಿ ಕೂತಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಮೂಲ ಕಡತ ತೆಗೆಸಿ ನೋಡಿದೆ. ಆ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಅವಳ ತವರು ನಿಡುಗಲ್ ಬೆಟ್ಟದ ಕಡೆಯ ಹಳ್ಳಿ ಎಂದು ಕಡತದಲ್ಲಿತ್ತು. ಅಲ್ಲಿಗೂ ಹೋದೆ. ಕುರಿ ಸಾಕುವ ಮನೆ. ತಾಯಿ ಬಾಗಿಲಲ್ಲಿ ಉಣ್ಣೆ ನೂಲುತ್ತಾ ಕೂತಿದ್ದರು. ನನ್ನ ಓದಿನ ವಿಷಯ ಹೇಳಿ, ನಿಮ್ಮ ಮಗಳಿಗೆ ಈಜು ಬರುತ್ತಿತ್ತೇ ಎಂದಷ್ಟೇ ಕೇಳಿದೆ. ಅವರ ಕೈ ನಿಂತಿತು.

“ನಿಂಗ್ಯಾರು ಯೋಳಿದ್ರು ನಾಯ್ನಾ? ಅವಳಪ್ಪ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಈಜು ಕಲ್ಸಿದ್ದ. ಕುರಿಮರಿ ಬಾವಿಗೆ ಬಿದ್ರೆ ಇಳ್ದು ಎತ್ಕಂಡು ಬರೋಳು ನನ್ ಮಗ್ಳು. ಅಂತೋಳು ನೀರಾಗೆ ಹೆಂಗೆ ಸಾಯ್ತಾಳೆ? ಇಷ್ಟು ದಿವ್ಸಕ್ಕೆ ಒಬ್ರಾದ್ರೂ ಬಂದು ಕೇಳ್ನಿಲ್ಲ.”

ನಾನು ಹೊರಟಾಗ ಅವರು ನನ್ನ ಕೈ ಹಿಡಿದುಕೊಂಡರು. “ಇದನ್ನ ನಿನ್ ಕಾಗ್ದದಾಗೆ ಹಾಕು. ಹೊಟ್ಟೆನೋವು ಅಂತ ಮಾತ್ರ ಬರೀಬ್ಯಾಡ ನಾಯ್ನಾ.” ಆಗಲಿ ಎಂದು ಮಾತು ಕೊಟ್ಟೆ.

ಠಾಣೆಯಲ್ಲಿ ಹೇಳಿದರೆ ಅಧಿಕಾರಿ ಕುರ್ಚಿಯಿಂದ ಏಳಲೂ ಇಲ್ಲ. “ಈಜು ಬಂದೋರು ಸಾಯೋದೇ ಇಲ್ವೇನ್ರಿ? ಮುಗ್ದೋಗಿರೋ ಕೇಸದು.” ನನಗೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು ಸಭ್ಯರು, ನಯವಾಗಿಯೇ ಹೇಳಿದರು: ನಿನ್ನದು ಕಡತಗಳ ಅಧ್ಯಯನ, ಕಡತದಲ್ಲಿ ಇಲ್ಲದ್ದಕ್ಕೆ ಆಧಾರವಿಲ್ಲ, ತಾಯಿಯ ಮಾತು ಪುರಾವೆಯಾಗುವುದಿಲ್ಲ. ಗಂಡನ ಮಾತು ಪುರಾವೆ, ಹೆತ್ತವಳ ಮಾತು ಪುರಾವೆಯಲ್ಲ! ಯಾವ ಸೀಮೆಯ ನ್ಯಾಯ ಇದು? ನೆನೆದರೆ ಈಗಲೂ ರಕ್ತ ಕುದಿಯುತ್ತದೆ. ಆದರೆ ಅವತ್ತು ನಾನು ಬಾಯಿ ಬಿಡಲಿಲ್ಲ. ಪ್ರಬಂಧ ಒಪ್ಪಿಸಲು ವಾರವಷ್ಟೇ ಉಳಿದಿತ್ತು, ನನಗೆ ಪದವಿ ಬೇಕಿತ್ತು. ಈರಮ್ಮನನ್ನು ಹೊಟ್ಟೆನೋವಿನ ಪಟ್ಟಿಗೇ ಸೇರಿಸಿದೆ. ಪ್ರಥಮ ದರ್ಜೆ ಬಂತು. ಆ ತಾಯಿಯ ಊರಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ದಣಿದ ಮನಸ್ಸು ಹೀಗೆಲ್ಲ ಆಟ ಆಡಿಸುತ್ತದೆ ಎಂದು ವೈದ್ಯನಾದ ಗೆಳೆಯನೊಬ್ಬ ವಿವರಿಸಿದ. ಇರಬಹುದು. ಆದರೆ ನಾನು ಕಂಡು ಕೇಳಿರದ ಹೆಣ್ಣುಮಗಳ ಈಜಿನ ವಿಷಯ ನನ್ನ ದಣಿದ ಮನಸ್ಸಿಗೆ ಹೇಗೆ ಗೊತ್ತಾಯಿತು? ಆ ಸಾಲನ್ನು ನನ್ನ ಕೈಯಲ್ಲಿ ಬರೆಸಿದವರು ಯಾರೋ, ಇವತ್ತಿಗೂ ತಿಳಿದಿಲ್ಲ. ಅದರ ಮೇಲೆ ಗೀಟು ಎಳೆದವನು ನಾನು.