ಬಲಗಡೆಯ ಬಟನ್

ಒಳ್ಳೆಯ ಕೆಲಸಗಳೆಲ್ಲ ಬಲಗೈಯ ಕಡೆಗೆ ಎಂದು ನನಗೆ ಕಲಿಸಿದವಳು ನನ್ನ ಅಜ್ಜಿ. ಎಡಗೈ ಮುಂದೆ ಚಾಚಿದರೆ ಸೌಟಿನ ಹಿಡಿಯಿಂದ ಮೊಣಕೈಗೆ ಒಂದು ಏಟು. ಎಡಗೈ ಏನು ಪಾಪ ಮಾಡಿದೆ ಎಂದು ಕೇಳಿದರೆ, ಕೇಳಿದ್ದಕ್ಕೆ ಇನ್ನೊಂದು. ಕೊಡುವುದು ಬಲಗೈ, ಉಣ್ಣುವುದು ಬಲಗೈ, ಮದುಮಗಳು ಹೊಸ್ತಿಲು ದಾಟುವುದು ಬಲಗಾಲು. ಈ ವಿದ್ಯೆಯನ್ನು ನಾನು ಈ ವಯಸ್ಸಿನವರೆಗೂ ಜೋಪಾನ ಮಾಡಿಕೊಂಡು ಬಂದೆ. ಅದರ ಫಲವಾಗಿ ಒಂದು ಬೇಸಿಗೆಯ ಮಧ್ಯಾಹ್ನ ನನ್ನ ಆಪ್ತ ಗೆಳತಿಯನ್ನು ಗೇಟಿನಿಂದಲೇ ಓಡಿಸಿದೆ.

ಇದನ್ನು ನಾನು ಕೈಯಿಂದ ಬರೆಯುತ್ತಿಲ್ಲ. ಸಾಲಿಗೆ ಹೋದದ್ದು ಮೂರನೆಯ ಇಯತ್ತೆಯ ತನಕ. ಅದರಲ್ಲೂ ಮಾಸ್ತರರ ಮುಂದೆ ಕುಳಿತದ್ದಕ್ಕಿಂತ ಎಮ್ಮೆಯ ಹಿಂದೆ ತಿರುಗಿದ್ದೇ ಹೆಚ್ಚು. ಈಗ ಕಣ್ಣೂ ಇಲ್ಲ. ಹಾಗಾಗಿ ನಾನು ಹೇಳುತ್ತೇನೆ, ಫೋನು ಬರೆದುಕೊಳ್ಳುತ್ತದೆ. ನಮ್ಮ ಬೀದರ್ ಕಡೆಯ ಮಾತು ಆಡಿದರೆ ಅದು ಏನೇನೋ ಬರೆಯುತ್ತದೆ ಎಂದು ಮಗಳು ಓದಿ ಹೇಳಿದಳು. ಅದಕ್ಕೇ ತಹಶೀಲ್ದಾರರ ಮುಂದೆ ನಿಂತವಳ ಹಾಗೆ ನೆಟ್ಟಗೆ ಕುಳಿತು ಪುಸ್ತಕದ ಕನ್ನಡ ಹೇಳುತ್ತಿದ್ದೇನೆ. ತಪ್ಪಿದ್ದರೆ ಫೋನನ್ನು ಬೈಯಿರಿ.

ನಾನಿರುವುದು ತೆಲುಗು ನಾಡಿನ ಗಚ್ಚಿಬೌಲಿಯಲ್ಲಿ, ಮಗಳ ಜೊತೆ. ಅವಳು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ. ಅಲ್ಲಿ ಫೋನನ್ನು ಹೊರಗೇ ಇಟ್ಟು ಒಳಗೆ ಹೋಗಬೇಕು. ಹೀಗಾಗಿ ಹಗಲಿಡೀ ಈ ಮನೆಯ ಬಾಗಿಲಿಗೆ ನಾನೇ ಯಜಮಾನಿ.

ಆದರೆ ಈ ಅಪಾರ್ಟ್‌ಮೆಂಟಿನಲ್ಲಿ ಯಾರೂ ನೇರವಾಗಿ ಬಂದು ಬಾಗಿಲು ಬಡಿಯುವಂತಿಲ್ಲ. ನಮ್ಮ ಊರಲ್ಲಿ ಹಗಲು ಬಾಗಿಲು ಮುಚ್ಚಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಬಂದ ಗಂಡಸರು ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಯಾರ ಕೆಮ್ಮು ಎಂದು ಒಳಗಿನವರಿಗೆ ತಿಳಿಯುತ್ತಿತ್ತು. ಬೇಕಾದವರ ಕೆಮ್ಮಾದರೆ ಚಾಕ್ಕೆ ನೀರು, ಬೇಡಾದವರದಾದರೆ ಅತ್ತೆ ಇದ್ದಕ್ಕಿದ್ದಂತೆ ಪೂಜೆಗೆ ಕೂಡುತ್ತಿದ್ದಳು. ಇಲ್ಲಿ ಆ ಕೆಮ್ಮಿನ ಕೆಲಸವನ್ನು ಒಂದು ಆಪ್ ಮಾಡುತ್ತದೆ. ಗೇಟಿನ ಗಾರ್ಡ್ ಬಂದವರ ಹೆಸರನ್ನು ತನ್ನ ಫೋನಿನಲ್ಲಿ ಹಾಕುತ್ತಾನೆ, ನನ್ನ ಫೋನು ಗಂಟೆ ಬಾರಿಸುತ್ತದೆ. ಒಂದು ಬಟನ್ ಒತ್ತಿದರೆ ಬಂದವರು ಒಳಗೆ, ಇನ್ನೊಂದು ಒತ್ತಿದರೆ ಬಂದ ದಾರಿಗೆ.

ಕಣ್ಣಿಲ್ಲದವಳು ಹೇಗೆ ಒತ್ತುತ್ತೀ ಎಂದು ಕೇಳುತ್ತೀರಿ. ನಮ್ಮಂಥವರ ಫೋನು ಬಾಯಿ ಬಿಟ್ಟು ಮಾತಾಡುತ್ತದೆ. ಬೆರಳು ಇಟ್ಟಲ್ಲಿ ಏನಿದೆ ಎಂದು ಹೆಸರು ಹೇಳುತ್ತದೆ, ಎರಡು ಸಲ ಬಡಿದರೆ ಆ ಕೆಲಸ ಮಾಡುತ್ತದೆ. ನನ್ನ ಗಂಡನಿಗಿಂತ ಎಷ್ಟೋ ವಾಸಿ. ಅವರು ಕೇಳಿದರೂ ಹೇಳುತ್ತಿರಲಿಲ್ಲ, ಎರಡು ಸಲ ಕೂಗಿದರೂ ಏಳುತ್ತಿರಲಿಲ್ಲ.

ಈ ಫೋನಿನ ವಿದ್ಯೆ ಕಲಿಸಿದವಳು ಹಮೀದಾ. ಅವಳೂ ನಮ್ಮ ಸೀಮೆಯವಳೇ, ಗುಲ್ಬರ್ಗಾ ಕಡೆಯವಳು, ಸರಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ರಿಟೈರ್ ಆದವಳು. ಈಗ ಸುಲ್ತಾನ್ ಬಜಾರಿನ ಒಂದು ಗಲ್ಲಿಯಲ್ಲಿದ್ದಾಳೆ. ಅಲ್ಲೇ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಣ್ಣಿಲ್ಲದವರೆಲ್ಲ ಕೂಡಿ ಒಬ್ಬರಿಗೊಬ್ಬರು ಫೋನು ಕಲಿಸುತ್ತಾರೆ. ಹಮೀದಾ ಹುಟ್ಟುಕುರುಡಿ. ಹಾಗೆ ಅನ್ನಬಾರದು ಎಂದು ಮಗಳು ಗದರುತ್ತಾಳೆ, ಆದರೆ ಹಮೀದಾಳೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಾಳೆ. ಅವಳ ಲೆಕ್ಕದಲ್ಲಿ ನಾನು ನಿನ್ನೆ ಮೊನ್ನೆ ಬಂದು ಸೇರಿದ ಹೊಸ ಸೊಸೆ. ಕಣ್ಣು ಕತ್ತಲಾದ ಮೊದಲ ವರ್ಷ ನಾನು ಮೂಲೆ ಹಿಡಿದು ಕುಳಿತಿದ್ದಾಗ, “ಅಕ್ಕಾ, ಅಳೂದಾದ್ರ ಒಂದು ಕೈಲೆ ಅಳು, ಇನ್ನೊಂದು ಕೈ ಫೋನಿನ ಮ್ಯಾಲ ಇಡು” ಎಂದವಳು ಅವಳು. ಆಮೇಲೆ ವಾರಕ್ಕೊಮ್ಮೆ ಬಸ್ಸು ಹಿಡಿದು ನನ್ನ ಮನೆಗೆ ಬರುವುದು ರೂಢಿಯಾಯಿತು. ಕಣ್ಣಿಲ್ಲದ ಇಬ್ಬರು ಮುದುಕಿಯರು ಚಾ ಕುಡಿಯುತ್ತ ಕಣ್ಣಿದ್ದವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು.

ಆ ಮಧ್ಯಾಹ್ನ ಅವಳು ಹುಣಸೆಯ ಎಳೆ ಚಿಗುರು ತರುವವಳಿದ್ದಳು. ಇಲ್ಲಿಯವರು ಅದನ್ನು ಚಿಂತ ಚಿಗುರು ಎನ್ನುತ್ತಾರೆ. ಬೇಸಿಗೆಯಲ್ಲಿ ಕೆಲವೇ ದಿನ ಸಿಗುತ್ತದೆ, ಬೇಳೆಗೆ ಹಾಕಿದರೆ ಅದರ ರುಚಿಯೇ ಬೇರೆ. ಚಾಕ್ಕೆ ನೀರಿಟ್ಟು ಕುಳಿತಿದ್ದೆ. ಫೋನು ಗಂಟೆ ಬಾರಿಸಿತು. ಎಡಗಡೆ ಬೆರಳಿಟ್ಟೆ. “ಬಟನ್” ಎಂದಿತು. ಬಲಗಡೆ ಇಟ್ಟೆ. “ಬಟನ್” ಎಂದಿತು. ಹಿಂದಿನ ದಿನದವರೆಗೆ ಒಂದು ‘ಒಳಗೆ ಬಿಡಿ’ ಎನ್ನುತ್ತಿತ್ತು, ಇನ್ನೊಂದು ‘ಬೇಡ’ ಎನ್ನುತ್ತಿತ್ತು; ಕೇಳಿ ಒತ್ತುತ್ತಿದ್ದೆನೇ ಹೊರತು ಯಾವುದು ಯಾವ ಕಡೆ ಎಂದು ನೆನಪಿಟ್ಟಿರಲಿಲ್ಲ. ರಾತ್ರಿ ಆಪಿಗೆ ಹೊಸ ಅಪ್‌ಡೇಟ್ ಬಂದಿತ್ತಂತೆ, ನನಗೇನು ಗೊತ್ತು? ಮತ್ತೆ ಮತ್ತೆ ಮುಟ್ಟಿದೆ. ಬಟನ್, ಬಟನ್. ಗೆಳತಿ ಬಿಸಿಲಿನಲ್ಲಿ ನಿಂತಿದ್ದಾಳೆ, ತಡ ಮಾಡುವಂತಿಲ್ಲ. ಒಳಗೆ ಕರೆಯುವುದು ಮಂಗಳದ ಕೆಲಸ, ಮಂಗಳ ಯಾವ ಕಡೆ ಇರುತ್ತದೆ? ಬಲಗಡೆಯದನ್ನು ಎರಡು ಸಲ ಬಡಿದೆ.

ಚಾ ಕುದಿದು ಕುದಿದು ಅರ್ಧವಾಯಿತು. ಹಮೀದಾ ಬರಲಿಲ್ಲ. ಫೋನು ಮಾಡಿದೆ.

“ಎಲ್ಲಿದ್ದೀಯೇ? ಚಾ ಕಷಾಯ ಆಗಾಕತ್ತೈತಿ.”

“ಕೋಠಿ ಬಸ್ಸಿನ್ಯಾಗ ಇದ್ದೀನಿ ಅಕ್ಕಾ.”

“ಹಿಂದಕ ಯಾಕ ಹೊಂಟಿ?”

“ನಿಮ್ಮ ಗಾರ್ಡ್ ಅಂದ, ‘ಮೇಡಂ ಮನಾ ಕರ್ ದಿಯೇ’ ಅಂತ. ಮೇಡಂ ಬ್ಯಾಡ ಅಂದಮ್ಯಾಲ ನಿಂತು ಏನ್ ಮಾಡ್ಲಿ?”

“ನಾ ಯಾವಾಗ ಬ್ಯಾಡ ಅಂದೆ? ಎರಡೂ ಬರೇ ಬಟನ್ ಬಟನ್ ಅಂದ್ವು. ಬಲಗಡೀದು ಛಲೋದು ಅಂತ ಅದನ್ನ ಒತ್ತಿದೆ!”

ಅವಳು ನಕ್ಕ ನಗುವಿಗೆ ಬಸ್ಸಿನವರೆಲ್ಲ ತಿರುಗಿ ನೋಡಿರಬೇಕು. ನಗು ನಿಂತ ಮೇಲೆ ದನಿ ಬದಲಾಯಿತು. “ಈಗ ನಗು ಬಂತು ಅಕ್ಕಾ, ಅಲ್ಲಿ ಬರ್ಲಿಲ್ಲ. ನಾ ನಿಂತಲ್ಲೇ ಡೆಲಿವರಿಯವರು ಹಾದು ಹೊಂಟಿದ್ರು. ಪಿಜ್ಜಾ ಒಳಗ ಹೋತು, ನಾ ಹೊರಗ. ಆ ಬಟನ್ ಬಾಯಿ ಬಿಡೂ ತನಕ ನಿನ್ನ ಗೇಟಿಗೆ ನಾ ಬರಂಗಿಲ್ಲ. ಮಗಳ ಕಡಿಂದ ಹೇಳ್ಸಬ್ಯಾಡ, ಗಾರ್ಡಗ ಹೇಳ್ಸಬ್ಯಾಡ. ಬಂದ್ರ ನಿನ್ನ ಕೈಲೇ ಒಳಗ ಬರ್ತೀನಿ.”

ನಾನು ಕ್ಷಮೆ ಕೇಳಲಿಲ್ಲ, ಅವಳೂ ಕೇಳಿಸಿಕೊಳ್ಳುವವಳಲ್ಲ. ಆದರೆ ಮುಂದಿನ ವಾರ ಅದೇ ಹೊತ್ತಿಗೆ ಎದ್ದು ಎರಡು ಲೋಟ ನೀರು ಒಲೆಯ ಮೇಲಿಟ್ಟು, ಒಂದು ಲೋಟ ತೆಗೆದು ಚೆಲ್ಲಿದೆ.

ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಹೇಳಿದೆ. ಅವರು ಒಳ್ಳೆಯವರೇ. “ಮೀಕೆಂದುಕಮ್ಮಾ ಈ ಶ್ರಮ?” ಎಂದರು, ನಿಮಗೇಕೆ ಈ ತೊಂದರೆ ಎಂದು. ನಿಮ್ಮ ಮನೆಗೆ ಯಾರನ್ನು ಬಿಡಬೇಕು ಎಂಬುದನ್ನು ಗಾರ್ಡೇ ನೋಡಿಕೊಳ್ಳಲಿ ಎಂದು ಉಪಾಯ ಹೇಳಿದರು. ಮಗಳಿಗೂ ಅದು ಸರಿ ಅನ್ನಿಸಿತು. ನನಗೆ ಮೈ ಉರಿಯಿತು. ಮದುವೆಯಾಗಿ ಬಂದಾಗ ಮನೆಗೆ ಯಾರು ಬರಬೇಕು ಎಂದು ಹೇಳುವವಳು ಅತ್ತೆ. ಅತ್ತೆ ಹೋದ ಮೇಲೆ ಗಂಡ. ನನ್ನ ತವರಿನವರೂ ಅವರ ಮುಖ ನೋಡಿ ಒಳಗೆ ಬರುತ್ತಿದ್ದರು. ಕಣ್ಣು ಹೋದ ಮೇಲೆ, ಈ ಮಾತಾಡುವ ಫೋನಿನ ದೆಸೆಯಿಂದ, ನನ್ನ ಕೈಗೆ ಮೊದಲ ಸಲ ಒಂದು ಬಾಗಿಲು ಬಂದಿದೆ. ಅದನ್ನು ಎತ್ತಿ ಗಾರ್ಡಿಗೆ ಕೊಡಲೇ? ವೈಕುಂಠದ ಬಾಗಿಲು ಕಾಯುವವರೇ ಋಷಿಗಳನ್ನು ಗುರುತು ಹಿಡಿಯದೆ ತಡೆದು ಶಾಪ ತಿಂದರಂತೆ, ಹರಿಕಥೆಯಲ್ಲಿ ಕೇಳಿದ್ದೇನೆ. ಪಾಪ, ಈ ಬಿಹಾರದ ಗಾರ್ಡಿಗೆ ಆ ಗತಿ ಯಾಕೆ? ಬೇಡ ಎಂದೆ.

ಸುಲ್ತಾನ್ ಬಜಾರಿನ ಕೋಣೆಯಲ್ಲಿ ಮಾತು ತೆಗೆದೆ. ಮಗಳೇ ಕರೆದುಕೊಂಡು ಹೋಗಿದ್ದಳು. ನೋಡಿದರೆ ಅಲ್ಲಿ ನನ್ನಂಥವರೇ ತುಂಬಿದ್ದಾರೆ. ಒಬ್ಬರು ಭಾವನನ್ನು ವಾಪಸು ಕಳಿಸಿದ್ದರು, ಮತ್ತೊಬ್ಬರು ಗೊತ್ತಿಲ್ಲದ ಯಾರನ್ನೋ ಒಳಗೆ ಬಿಟ್ಟು ಚಿಲಕ ಹಾಕಿ ಕುಳಿತಿದ್ದರು. ಬ್ಯಾಂಕಿನಲ್ಲಿ ಆಫೀಸರ್ ಆಗಿರುವ ರಘುರಾಮ್ ಸಾಹೇಬರು, ಅವರಿಗೂ ಕಣ್ಣಿಲ್ಲ, ಆಪ್ ಮಾಡಿದ ಕಂಪನಿಗೆ ಮೊದಲೇ ಇಂಗ್ಲಿಷಿನಲ್ಲಿ ಬರೆದಿದ್ದರಂತೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಕ್ಷಣದಲ್ಲಿ ಉತ್ತರ ಬಂದಿತ್ತು. ಇಷ್ಟು ಬೇಗ ಧನ್ಯವಾದ ಹೇಳುವವರು ಕೇಳಿಸಿಕೊಂಡಿರುವುದಿಲ್ಲ. ಒಬ್ಬೊಬ್ಬರೇ ಕೆಮ್ಮಿದರೆ ಆಗದು, ಎಲ್ಲರೂ ಒಟ್ಟಿಗೆ ಕೆಮ್ಮೋಣ ಎಂದೆ. ಅಂದಿನಿಂದ ದಿನಾ ಯಾರಾದರೊಬ್ಬರು ಕಂಪನಿಗೆ ಫೋನು ಮಾಡಿದರು, ಬರೆಯಬಲ್ಲವರು ಬರೆದರು, ಬಾರದ ನಾನು ದನಿ ಕಳಿಸಿದೆ. ಚಿಗುರಿನ ಕಾಲ ಮುಗಿದು ಮಾವಿನಹಣ್ಣು ಬಂತು, ಮಾವು ಮುಗಿದು ಮಳೆ ಬಂತು. ಕೊನೆಗೆ ಬೇಸತ್ತೋ ಏನೋ, ಬನ್ನಿ ಎಂದರು.

ಕಂಪನಿ ಇದ್ದದ್ದು ಗಚ್ಚಿಬೌಲಿಯಲ್ಲೇ, ನಮ್ಮ ಮನೆಯಿಂದ ಕೂಗಳತೆಯಲ್ಲಿ. ರಸ್ತೆ ದಾಟುವುದೇ ಒಂದು ಕಾಶೀಯಾತ್ರೆ, ಅದು ಬೇರೆ ಮಾತು. ಅವರ ಗೇಟಿನಲ್ಲೂ ನಮ್ಮನ್ನು ನಿಲ್ಲಿಸಿದರು. ಒಳಗಿನವರು ಬಟನ್ ಒತ್ತಬೇಕಂತೆ. “ಕಣ್ಣಿದ್ದವ್ರು ಒತ್ತಾಕತ್ತಾರ, ಗಾಬರಿ ಆಗಬ್ಯಾಡ್ರಿ” ಎಂದಳು ಹಮೀದಾ.

ತಣ್ಣನೆಯ ಕೋಣೆಯಲ್ಲಿ ರಘುರಾಮ್ ಸಾಹೇಬರು ಕಾನೂನು ಹೇಳಿದರು. ಅವರು ಹೂಂ ಹೂಂ ಎಂದರು. ಆಗ ಹಮೀದಾ, ಎಲ್ಲರೂ ಆಪ್ ತೆಗೆದು ಫೋನು ಮೇಜಿನ ಮೇಲಿಟ್ಟು ಮುಟ್ಟಿರಿ ಎಂದಳು. ಮುಟ್ಟಿದೆವು. ಒಂದು ಹೆಣ್ಣು ದನಿಯಲ್ಲಿ ಬಟನ್, ಒಂದು ಗಂಡು ದನಿಯಲ್ಲಿ ಬಟನ್, ಹಮೀದಾಳದ್ದು ಬಿರುಸಾಗಿ, ನನ್ನದು ನನ್ನ ಹಾಗೇ ನಿಧಾನವಾಗಿ. ಮೊದಲ ಮಳೆಗೆ ಕೆರೆಯ ಕಪ್ಪೆಗಳು ಒದರಿದ ಹಾಗೆ. ಕಂಪನಿಯವರು ನಕ್ಕರು. ಫೋನುಗಳು ನಿಲ್ಲಲಿಲ್ಲ, ಅವರ ನಗುವೇ ನಿಂತಿತು.

ಲಾವಣ್ಯ ಎಂಬ ವರಂಗಲ್ ಕಡೆಯ ಹುಡುಗಿ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಆ ಬಟನ್‌ಗಳನ್ನು ಮಾಡಿದವಳು ಅವಳೇ ಅಂತೆ. ಮೊದಲು ಅಕ್ಷರ ಇತ್ತು, ಚಂದ ಕಾಣಲಿ ಎಂದು ಅಕ್ಷರ ತೆಗೆದು ಚಿತ್ರ ಇಟ್ಟರು, ಚಿತ್ರದ ಹಿಂದೆ ಹೆಸರು ಬರೆಯುವುದನ್ನು ಮರೆತರು. ಫೋನಿಗೆ ಹೆಸರು ಗೊತ್ತಿದ್ದರೆ ತಾನೇ ಹೇಳುವುದು? “ಬಲಗಡೆಯದನ್ನೇ ಯಾಕೆ ಒತ್ತಿದಿರಿ ಅಮ್ಮಾ?” ಎಂದು ತೆಲುಗಿನಲ್ಲಿ ಕೇಳಿದಳು. ಅಜ್ಜಿ, ಸೌಟು, ಬಲಗಾಲು, ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ತನಗೂ ಅತ್ತೆಮನೆಯಲ್ಲಿ ಬಲಗಾಲೇ ಇಡಿಸಿದ್ದರಂತೆ, ಮಾಡುವಾಗ ನೆನಪಾಗಲಿಲ್ಲವಂತೆ. ಹಾಗಾದರೆ ಒಳಗೆ ಬಿಡುವುದನ್ನು ಬಲಗಡೆಗೇ ಇಡಲೇ ಎಂದಳು.

“ಎಲ್ಲಿ ಬೇಕಾದರೂ ಇಡು ತಾಯಿ, ಹೆಸರು ಹೇಳಿಸು. ನಾಳೆ ಎಡಗೈಯವರು ಜಗಳಕ್ಕೆ ಬಂದರೆ ಅವರಿಗೆ ಉತ್ತರ ಕೊಡುವಷ್ಟು ತ್ರಾಣ ನನಗಿಲ್ಲ” ಎಂದೆ. ಜೊತೆಗೆ, ‘ಬೇಡ’ ಎಂಬ ಮಾತು ತೆಗೆದು ‘ಆಮೇಲೆ ಬನ್ನಿ’ ಎಂದು ಬರೆಯಿರಿ, ನಮ್ಮಲ್ಲಿ ಬಾಗಿಲಿಗೆ ಬಂದವರಿಗೆ ಬೇಡ ಎನ್ನುವುದಿಲ್ಲ ಎಂದೂ ಸಲಹೆ ಕೊಟ್ಟೆ. ಅದನ್ನು ನಮ್ಮವರೇ ಒಪ್ಪಲಿಲ್ಲ. ಸಾಲದವನು ನಿಜವಾಗಿಯೂ ಆಮೇಲೆ ಬಂದರೆ ಏನು ಗತಿ ಎಂದರು.

ಬಟನ್‌ಗಳಿಗೆ ಹೆಸರು ಬಂತು. ಹಮೀದಾ ಬರುವಷ್ಟರಲ್ಲಿ ಮತ್ತೊಂದು ಅಪ್‌ಡೇಟ್ ಬಂದು ಹೆಸರು ಹೋಯಿತು. ಮತ್ತೆ ಕಂಪನಿಗೆ ಹೋದೆವು, ಮತ್ತೆ ಕಪ್ಪೆಗಳು. ಈ ಸಲ ರಘುರಾಮ್ ಸಾಹೇಬರ ಕಾನೂನಿನ ಜೊತೆ ನಾನೂ ಒಂದು ಕಾನೂನು ಸೇರಿಸಿದೆ: ಉಪ್ಪು ನೋಡದೆ ಪಂಕ್ತಿಗೆ ಬಡಿಸಬಾರದು. ಹೊಸದೇನೇ ಮಾಡಿದರೂ ಮೊದಲು ನಮ್ಮ ಬೆರಳಿಗೆ ಕೊಡಿ, ಆಮೇಲೆ ಊರಿಗೆ. ಒಪ್ಪಿದರು. ಈಗ ಪ್ರತಿ ಅಪ್‌ಡೇಟ್ ಮೊದಲು ಸುಲ್ತಾನ್ ಬಜಾರಿನ ಆ ಕೋಣೆಗೆ ಬರುತ್ತದೆ. ಹಮೀದಾ ಅದರಲ್ಲಿ ತಪ್ಪು ಹುಡುಕುವ ಉತ್ಸಾಹ ನೋಡಿದರೆ, ಅವಳಿಗೆ ಸೊಸೆ ಇಲ್ಲದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಸೀತಾಫಲ ಬಂದ ಕಾಲ. ಎರಡು ಲೋಟ ನೀರು ಒಲೆಯ ಮೇಲಿತ್ತು. ಫೋನು ಗಂಟೆ ಬಾರಿಸಿತು. “ಹಮೀದಾ ಬೇಗಂ ಬಂದಿದ್ದಾರೆ” ಎಂದಿತು. ಬಲಗಡೆ ಮುಟ್ಟಿದೆ, “ಬೇಡ.” ಎಡಗಡೆ ಮುಟ್ಟಿದೆ, “ಒಳಗೆ ಬಿಡಿ.” ಅವರು ಜಾಗ ಬದಲಿಸಿರಲಿಲ್ಲ. ಮೊಣಕೈ ತನ್ನಷ್ಟಕ್ಕೆ ಒಮ್ಮೆ ಹಿಂದೆ ಸರಿಯಿತು, ಅಜ್ಜಿಯ ಸೌಟು ಇಷ್ಟು ದೂರವೂ ಬರುತ್ತದೆ. ಎರಡು ಸಲ ಬಡಿದೆ.

ಲಿಫ್ಟಿನ ಸದ್ದಾಯಿತು. ಕೋಲಿನ ಟಕ್ ಟಕ್ ಹತ್ತಿರ ಬಂದು ಹೊಸ್ತಿಲ ಹತ್ತಿರ ನಿಂತಿತು. ಸೀತಾಫಲದ ವಾಸನೆ ಅವಳಿಗಿಂತ ಮೊದಲೇ ಒಳಗೆ ಬಂದಿತ್ತು.

“ಅಕ್ಕಾ, ಯಾವ ಕಾಲು ಇಡ್ಲಿ?”

“ಯಾವದರ ಇಡು ಮಾರಾಯ್ತಿ, ಚಾ ಆರಾಕತ್ತೈತಿ.”

ಬಂದಳು. ಯಾವ ಕಾಲಿಟ್ಟಳೋ ನನಗೆ ಕಾಣಲಿಲ್ಲ. ನಾನು ಕೇಳಲೂ ಇಲ್ಲ.